ಹಿತ್ತಲಲ್ಲಿ ಸುಗಂಧರಾಜ



ಇವತ್ತು ಒಂದು ಹೂವಿನ ವಿಷಯ ಹೇಳ್ತೀನಿ. ನಾವು ಅದನ್ನು ಸುಗಂಧರಾಜ ಅಂತೀವಿ. ಸೊಲ್ಲಾಪುರದ ಮರಾಠಿ ನೆರೆಯವರು ನಿಶಿಗಂಧ ಅಂತಾರೆ. ಹೊಸೂರಿನ ತಮಿಳು ನೆರೆಯವರು ಸಂಪಂಗಿ ಅಂತಾರೆ. ಹೆಸರು ಬೇರೆ, ಪರಿಮಳ ಒಂದೇ.

ಇದು ಗೆಡ್ಡೆಯಿಂದ ಬೆಳೆಯುವ ಗಿಡ. ಚೆನ್ನಾಗಿ ಬಿಸಿಲು ಬೀಳುವ ಜಾಗ ಆರಿಸಿ. ಮಣ್ಣಿಗೆ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ. ಮಡಿ ಸ್ವಲ್ಪ ಎತ್ತರ ಇರಲಿ. ನೆಲ್ಲಿಕಾಯಿ ಗಾತ್ರದ ಗೆಡ್ಡೆಗಳನ್ನು ಗೇಣಿಗೊಂದರಂತೆ, 2 ಅಂಗುಲ ಆಳದಲ್ಲಿ ನೆಡಿ.

ಮೊದಲ ಸಲ ನಾನೊಂದು ತಪ್ಪು ಮಾಡಿದೆ. ಪಾತ್ರೆ ತೊಳೆದ ನೀರನ್ನೆಲ್ಲ ಮಡಿಗೇ ಬಿಟ್ಟೆ. ನೀರು ನಿಂತು 20 ಗೆಡ್ಡೆಯೂ ಕೊಳೆತು ಹೋದವು. ಕೊಟ್ಟ ದುಡ್ಡೂ ಹೋಯ್ತು. ನೀವು ಹಾಗೆ ಮಾಡಬೇಡಿ. ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ ನೀರು ಹಾಕಿ.

ನೆಟ್ಟ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ನೀವೇ ಬರೆದಿಡಿ. ಅಲ್ಲಿಂದ ಸುಮಾರು 3-4 ತಿಂಗಳಿಗೆ ಹೂವಿನ ದಂಟು ಬರುತ್ತೆ. ಮೊಗ್ಗು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುತ್ತೆ. ಹಾರ ಕಟ್ಟಲು ಒಂದೇ ಸುತ್ತಿನ ಹೂ ಒಳ್ಳೇದು. ಅದಕ್ಕೇ ಪರಿಮಳ ಹೆಚ್ಚು.

ಗೆಡ್ಡೆಯ ಪಕ್ಕದಲ್ಲಿ ಮರಿಗೆಡ್ಡೆ ಬರುತ್ತವೆ. 2-3 ವರ್ಷಕ್ಕೊಮ್ಮೆ ಅಗೆದು ಬಿಡಿಸಿ, ನೆರಳಲ್ಲಿ ಒಣಗಿಸಿ, ಮತ್ತೆ ನೆಡಿ. ಮಿಕ್ಕಿದ್ದನ್ನು ಪಕ್ಕದ ಮನೆಯವರಿಗೆ ಕೊಡಿ. ಅವರ ಹಿತ್ತಲಲ್ಲೂ ಹೂ ಬಿಡಲಿ.