ಸೆಕ್ಯುರಿಟಿ ಪ್ಲಸ್ ಪರೀಕ್ಷೆಗೆ ಕೂಡುವವರಿಗೆ



ಮಮದಾಪುರದಲ್ಲಿ ನನ್ನ ಹತ್ತಿರ ಕಲಿತ ಹುಡುಗನೊಬ್ಬ ಕಂಪ್ಟಿಯಾ ಸಂಸ್ಥೆಯ ‘ಸೆಕ್ಯುರಿಟಿ ಪ್ಲಸ್’ ಪರೀಕ್ಷೆಗೆ ಕೂಡುವವನಿದ್ದಾನೆ. ನೆಟ್‌ವರ್ಕ್ ಭದ್ರತೆಯ ಪರೀಕ್ಷೆ ಅದು. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. 900ರ ಅಳತೆಯಲ್ಲಿ 750 ಬಂದರೆ ಪಾಸು. ಮೊನ್ನೆ ಅವನು ಹಣ ಕೊಟ್ಟು ತಂದ ಪ್ರಶ್ನೋತ್ತರಗಳ ಕಟ್ಟೊಂದನ್ನು ತೋರಿಸಿ, “ಸರ್, ಇದನ್ನ ಬಾಯಿಪಾಠ ಮಾಡಿದರ ಸಾಕಂತ” ಎಂದ. ಗೈಡು ಓದಿಸಿ ಈ ಚಟ ಹಚ್ಚಿದವರು ನಾವು ಶಿಕ್ಷಕರೇ! ಕದ್ದ ಪ್ರಶ್ನೆಗಳಿಂದ ಓದಿದ್ದು ಗೊತ್ತಾದರೆ ಸಂಸ್ಥೆ ಪ್ರಮಾಣಪತ್ರವನ್ನೇ ರದ್ದು ಮಾಡಬಹುದು. ತಂದೆ ಕಟ್ಟಿದ ಫೀಸೂ ನೀರಿಗೆ.

ಅಲ್ಲಿ ಮಾಡಿ ತೋರಿಸುವ ಪ್ರಶ್ನೆಗಳೂ ಇರುತ್ತವೆ. ಫೈರ್‌ವಾಲ್ ನಿಯಮಗಳನ್ನೇ ನೋಡಿ. ಸಾಮಾನ್ಯವಾಗಿ ಅವನ್ನು ಮೇಲಿನಿಂದ ಕೆಳಗೆ ಪರಿಶೀಲಿಸಲಾಗುತ್ತದೆ. ಮೊದಲು ಹೊಂದಿದ ನಿಯಮವೇ ಜಾರಿ. ‘ಎಲ್ಲರನ್ನೂ ಬಿಡು’ ಎಂಬುದು ಮೊದಲ ಸಾಲಿನಲ್ಲಿದ್ದರೆ ಕೆಳಗಿನ ‘ಇವನನ್ನು ತಡೆ’ ಎಂಬುದಕ್ಕೆ ಪಾಳಿಯೇ ಬರುವುದಿಲ್ಲ. ಸಿಸ್ಕೋದ ‘ಪ್ಯಾಕೆಟ್ ಟ್ರೇಸರ್’ನಲ್ಲಿ ಸಾಲುಗಳನ್ನು ಅದಲುಬದಲು ಮಾಡಿ ಇದನ್ನು ಪುಕ್ಕಟೆಯಾಗಿ ನೋಡಬಹುದು. ಒಮ್ಮೆ ಕಂಡದ್ದು ಮರೆಯುವುದಿಲ್ಲ.

ಪರೀಕ್ಷೆ ಕನ್ನಡದಲ್ಲೂ ಇಲ್ಲ, ಉರ್ದುವಿನಲ್ಲೂ ಇಲ್ಲ. ಹೆದರಬೇಡಿ, ಪ್ರತಿ ಪದದ ಎದುರು ಅದು ಮಾಡುವ ಕೆಲಸವನ್ನು ನಿಮ್ಮ ಭಾಷೆಯಲ್ಲೇ ಬರೆದುಕೊಳ್ಳಿ.

ಆ ಹುಡುಗ ಕಟ್ಟನ್ನು ನನ್ನ ಮೇಜಿನ ಮೇಲೆ ಬಿಟ್ಟುಹೋದ. ಅವನ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಸಂಘದ ಕಂಪ್ಯೂಟರನ್ನು ದಿನಾಲು ಸಂಜೆ ಎರಡು ತಾಸು ಅವನಿಗೆ ಕೊಡಬೇಕೆಂದು ಪದಾಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.