ಗುಡಿಯ ಮುಂದಣ ಪೇಟೆ

ಅರಸೀಕೆರೆ, ಹಳೇಬೀಡು, ಬೇಲೂರುಗಳ ಪ್ರಸ್ತಾಪ ಬಂದಾಗ ಮಾತನ್ನು ಗುಡಿಯಿಂದ ಆರಂಭಿಸಿ ಗುಡಿಯಲ್ಲಿಯೇ ಮುಗಿಸುವುದು ನಮ್ಮಲ್ಲಿ ರೂಢಿ. ಮದನಿಕೆಯರನ್ನು ಕುರಿತು, ಜಗತಿಯನ್ನು ಕುರಿತು ನೀವು ಸಾಕಷ್ಟು ಕೇಳಿದ್ದೀರಿ. ಇಂದು ನಾನು ಗುಡಿಯ ಮುಂದಣ ಪೇಟೆಯನ್ನು ಕುರಿತು, ಅಲ್ಲಿ ಬಂಡವಾಳ ತೊಡಗಿಸುವ ವ್ಯಾಪಾರಿಗೆ ಸಲ್ಲಬೇಕಾದ ಹಣಕಾಸಿನ ಆಸರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡದ ಅಧ್ಯಾಪಕನಿಗೆ ತೆರಿಗೆಯ ಗೊಡವೆ ಏಕೆಂದು ನೀವು ಕೇಳಬಹುದು. ಶಾಸನಗಳನ್ನು ಪಾಠ ಹೇಳಿದವನಿಗೆ ತೆರಿಗೆಯ ಪರಿಚಯ ತಪ್ಪಿದ್ದಲ್ಲ. ರಾಜಪ್ರಶಸ್ತಿಯ ವೃತ್ತಗಳು ಮುಗಿದೊಡನೆ ಶಾಸನವು ಗದ್ದೆ, ಗಾಣ, ಸುಂಕಗಳ ಲೆಕ್ಕಕ್ಕೆ ಇಳಿಯುತ್ತದೆ.

ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠಾಪಿಸಿದವನು ದೊರೆ ವಿಷ್ಣುವರ್ಧನ. ಆದರೆ ಹಳೇಬೀಡಿನ ಹೊಯ್ಸಳೇಶ್ವರದ ನಿರ್ಮಾಣದಲ್ಲಿ ಕೇತಮಲ್ಲ, ಕೇಸರಸೆಟ್ಟಿಯರಂಥ ಸಿರಿವಂತ ಪುರಜನರ ಹೆಸರು ಕೂಡಿಕೊಂಡಿದೆ. ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು 1220ರ ಸುಮಾರಿಗೆ ಎತ್ತಿಸಿದವನು ಇಮ್ಮಡಿ ಬಲ್ಲಾಳನ ಮಂತ್ರಿ ರೇಚರಸ. ಅರಮನೆಯ ಹಣದೊಡನೆ ಪೇಟೆಯ ಹಣವೂ ಈ ಕಲ್ಲುಗಳಲ್ಲಿ ಸೇರಿದೆ. ನಂದಾದೀವಿಗೆಗೆ ಗಾಣದವನ ಎಣ್ಣೆ, ನಿತ್ಯಪೂಜೆಗೆ ಹೇರುಗಳ ಸುಂಕದಲ್ಲೊಂದು ಪಾಲು ಸಲ್ಲುತ್ತಿತ್ತು. ಪೇಟೆ ಬಡವಾದರೆ ಗುಡಿಯ ದೀಪ ಮಂಕಾಗುವುದೆಂಬ ತಿಳಿವು ಅಂದಿನವರಿಗಿತ್ತು.

ಆದುದರಿಂದಲೇ ಅವರು ಪೇಟೆಯನ್ನು ಪೋಷಿಸುವ ಉಪಾಯವನ್ನೂ ಬಲ್ಲವರಾಗಿದ್ದರು. ನಮ್ಮ ನಾಡಿನ ಮಧ್ಯಕಾಲದ ಶಾಸನಗಳಲ್ಲಿ, ಹೊಸ ಸಂತೆ ಕಟ್ಟಿದವನಿಗೆ ಮಾನ್ಯವನ್ನೂ ಪಟ್ಟಣಸ್ವಾಮಿಯೆಂಬ ಪದವಿಯನ್ನೂ ಕೊಟ್ಟದ್ದನ್ನು ನೋಡುತ್ತೇವೆ. ಬಂದು ನೆಲೆಸಿದ ವ್ಯಾಪಾರಿಗಳಿಗೆ ಮೊದಮೊದಲು ತೆರಿಗೆಯ ವಿನಾಯಿತಿಯನ್ನು ಕೊಟ್ಟದ್ದೂ ಉಂಟು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಮಾನ್ಯವು ಬರಿಯ ಕೊಡುಗೆಯಲ್ಲ. ಅದರ ಬೆನ್ನಿಗೆ ಒಂದು ಹೊಣೆಯಿತ್ತು. ಸಂತೆ ನಡೆಯಬೇಕು, ಊರು ನಿಲ್ಲಬೇಕು.

ಇಂದಿನ ಸ್ಥಿತಿ ಹೇಗಿದೆ? ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. 2010ರಲ್ಲಿ ತಿದ್ದುಪಡಿಯಾದ ಕೇಂದ್ರದ ಕಾಯಿದೆ ಹೀಗೆ ವಿಧಿಸುತ್ತದೆ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಕಟ್ಟುಪಾಡಿಗೆ ಮತ್ತಷ್ಟು ಗೌರವ ಬಂದಿದೆ. ಅದು ಸರಿಯೇ, ಕಟ್ಟುಪಾಡಿಲ್ಲದಿದ್ದರೆ ಗುಡಿಯ ಗೋಡೆಗೇ ಕಾಂಕ್ರೀಟು ತಾಗುತ್ತಿತ್ತು. ಆದರೆ ಬೇಲೂರಿನ ಹಳೆಯ ಅಂಗಡಿಕಾರರೊಬ್ಬರು ಒಮ್ಮೆ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಮೇಷ್ಟ್ರೇ, ಹೊಸದು ಕಟ್ಟೋ ಹಾಗಿಲ್ಲ, ಹಳೇದು ಉಳಿಸ್ಕೊಳ್ಳೋಕೆ ಕೈಲಿ ಕಾಸಿಲ್ಲ.” ದುರಸ್ತಿಗೆ ಕಾಯಿದೆಯಲ್ಲಿ ಅವಕಾಶವಿದೆ, ನಿಜ, ಅದಕ್ಕೂ ಅನುಮತಿ ಬೇಕು, ಮರ ಹೆಂಚುಗಳಿಗೆ ಹಣ ಬೇಕು. ಲೋಕಕ್ಕೆಲ್ಲ ಸೇರಿದ ಸೊತ್ತಿನ ಕಾವಲಿನ ವೆಚ್ಚವನ್ನು ನಾವು ಹತ್ತಡಿ ಅಂಗಡಿಯವನ ಹೆಗಲಿಗೆ ಹೊರಿಸಿದ್ದೇವೆ.

ನೆರವಿನ ಯೋಜನೆಗಳೇ ಇಲ್ಲವೆಂದಲ್ಲ. ರಾಜ್ಯದ ಪ್ರವಾಸೋದ್ಯಮ ನೀತಿಗಳು ಹೋಟೆಲು ಮೊದಲಾದವುಗಳಲ್ಲಿ ಬಂಡವಾಳ ಹೂಡುವವರಿಗೆ ಸಹಾಯಧನವನ್ನೂ ರಿಯಾಯಿತಿಗಳನ್ನೂ ಸಾರಿವೆ. ಬೀದಿಬದಿಯ ವ್ಯಾಪಾರಿಗೆ 2020ರಲ್ಲಿ ಸ್ವನಿಧಿ ಯೋಜನೆ 10,000 ರೂಪಾಯಿಯ ಮೊದಲ ಸಾಲವನ್ನು ತಂದಿತು. ಯುನೆಸ್ಕೋ ನಿರ್ಣಯದ ಹಿಂದಿನ ದಿನವೇ, 2023ರ ಸೆಪ್ಟೆಂಬರ್ 17ರಂದು, ಆರಂಭವಾದ ವಿಶ್ವಕರ್ಮ ಯೋಜನೆಯಲ್ಲಿ ಶಿಲ್ಪಿಗೆ ಎರಡು ಕಂತುಗಳಲ್ಲಿ 3 ಲಕ್ಷ ರೂಪಾಯಿಯವರೆಗೆ, ಶೇಕಡ 5ರ ಬಡ್ಡಿಯಲ್ಲಿ ಸಾಲವುಂಟು. ಇವೆಲ್ಲ ಸ್ವಾಗತಾರ್ಹ. ಆದರೆ ಇವು ಕಸುಬನ್ನು ನೋಡುತ್ತವೆ, ಕಟ್ಟಡವನ್ನಲ್ಲ. ಊರಾಚೆ ಹೊಸದನ್ನು ಕಟ್ಟುವವನನ್ನು ಕರೆಯುತ್ತವೆ, ಊರೊಳಗೆ ಹಳೆಯದನ್ನು ಉಳಿಸುವವನನ್ನಲ್ಲ.

ಬೇರೆಡೆ ಏನು ಮಾಡಿದ್ದಾರೆ? ಅಮೆರಿಕವು 1976ರಿಂದಲೇ ಚಾರಿತ್ರಿಕ ಕಟ್ಟಡಗಳ ಜೀರ್ಣೋದ್ಧಾರಕ್ಕೆ ತೆರಿಗೆಯ ಉತ್ತೇಜನ ಕೊಡುತ್ತ ಬಂದಿದೆ. ವ್ಯಾಪಾರಕ್ಕೋ ಬಾಡಿಗೆಗೋ ಬಳಸುವ ಅಂಥ ಕಟ್ಟಡವನ್ನು ಅದರ ಲಕ್ಷಣ ಕೆಡದಂತೆ ಸರಿಪಡಿಸಿದರೆ, ವೆಚ್ಚದ ಶೇಕಡ 20ರಷ್ಟು ಆದಾಯ ತೆರಿಗೆಯಲ್ಲಿ ವಜಾ ಆಗುತ್ತದೆ. ಐದು ವರ್ಷದೊಳಗೆ ಮಾರಿದರೆ ಆ ಲಾಭದಲ್ಲಿ ಪಾಲನ್ನು ಹಿಂದಿರುಗಿಸಬೇಕು. ಮುಂಬಯಿ 1995ರ ನಿಯಮಾವಳಿಯಲ್ಲಿ ಬೇರೊಂದು ದಾರಿ ಹಿಡಿಯಿತು: ಕಟ್ಟುವ ಹಕ್ಕನ್ನು ಕಳೆದುಕೊಂಡ ಮಾಲೀಕ ಆ ಹಕ್ಕನ್ನು ಬೇರೆಡೆ ಬಳಸಲು ಮಾರಬಹುದು. ನೆಲಕ್ಕೆ ಚಿನ್ನದ ಬೆಲೆಯಿರುವ ಮಹಾನಗರಕ್ಕೆ ಅದು ಒಪ್ಪೀತು. ಬೇಲೂರಿನಂಥ ಊರಿನಲ್ಲಿ ಅಂಥ ಹಕ್ಕನ್ನು ಕೊಳ್ಳುವವರು ಸಿಗುವುದು ಕಷ್ಟ.

ನಮ್ಮ ಊರುಗಳಿಗೆ ತಕ್ಕುದು ಸರಳವಾದ ಮೂರು ಕ್ರಮಗಳೆಂದು ನನಗೆ ತೋರುತ್ತದೆ. ಹೆಂಚಿನ ಮಾಡು, ಮರದ ಕಂಬ, ಜಗಲಿಗಳನ್ನು ಉಳಿಸಿ ವ್ಯಾಪಾರ ನಡೆಸುವ ಕಟ್ಟಡಕ್ಕೆ ನಿಗದಿಯಾದ ವರ್ಷಗಳವರೆಗೆ ಆಸ್ತಿತೆರಿಗೆಯ ವಿನಾಯಿತಿ, ಮೊದಲನೆಯದು. ದುರಸ್ತಿಗೆ ಕಡಿಮೆ ಬಡ್ಡಿಯ ಸಾಲವೂ ಅನುಮತಿಯೂ ಒಂದೇ ಮೇಜಿನಲ್ಲಿ ದೊರೆಯುವುದು, ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಅಂಗಡಿ ನಡೆಸುವವನೇ ಕಟ್ಟಡದ ಯಜಮಾನನಾಗಿರಬೇಕೆಂದಿಲ್ಲ. ರಿಯಾಯಿತಿ ಪಡೆದ ಮಾಲೀಕ ಬೀದಿ ಚೆಂದವಾದ ಮೇಲೆ ಬಾಡಿಗೆ ಏರಿಸಿ ಬಾಡಿಗೆದಾರನನ್ನು ಎಬ್ಬಿಸುವಂತಿರಬಾರದು. ಹಾಗಾದರೆ ಪೇಟೆಯ ಮುಖವನ್ನು ಉಳಿಸಿ ಪೇಟೆಯ ಜನವನ್ನು ಕಳೆದುಕೊಂಡಂತಾಗುತ್ತದೆ.

ಇದಕ್ಕೆ ಆಕ್ಷೇಪವುಂಟು. ಸ್ಥಳೀಯ ಸಂಸ್ಥೆಯ ಬೊಕ್ಕಸವೇ ಬಡವಾಗಿರುವಾಗ ಅದು ತೆರಿಗೆ ಬಿಡುವುದು ಹೇಗೆ? ನ್ಯಾಯವಾದ ಪ್ರಶ್ನೆ. ವಿಶ್ವಪರಂಪರೆಯ ಕೀರ್ತಿ ರಾಜ್ಯಕ್ಕೂ ದೇಶಕ್ಕೂ ಸಲ್ಲುವುದಾದರೆ ಆ ನಷ್ಟವನ್ನು ತುಂಬಿಕೊಡುವ ಹೊಣೆಯೂ ಅವುಗಳದೇ. ಹೇಗೂ ಹಣ ಹೂಡಲಿದ್ದವನೇ ರಿಯಾಯಿತಿಯನ್ನು ನುಂಗುವನೆಂಬ ಇನ್ನೊಂದು ಆಕ್ಷೇಪಕ್ಕೆ ಶಾಸನಗಳಲ್ಲಿಯೇ ಉತ್ತರವಿದೆ: ಮೊದಲು ಹೊಣೆಯನ್ನು ಬರೆದು, ಆಮೇಲೆ ಮಾನ್ಯವನ್ನು ಬರೆಯಬೇಕು.

ಅರಸೀಕೆರೆಯನ್ನು ಮರೆಯುವಂತಿಲ್ಲ. ಅದು ವಿಶ್ವಪರಂಪರೆಯ ಪಟ್ಟಿಯಲ್ಲಿಲ್ಲ. ರೈಲಿನ ಜಂಕ್ಷನ್ ಎಂದೂ ತೆಂಗು ಕೊಬ್ಬರಿಯ ಊರೆಂದೂ ಜನ ಅದನ್ನು ಬಲ್ಲರು. ಹದಿಮೂರನೆಯ ಶತಮಾನದ ಸೊಗಸಾದ ಈಶ್ವರ ದೇವಾಲಯವೊಂದು ಅಲ್ಲಿದೆಯೆಂಬುದನ್ನು ಬಲ್ಲವರು ಕಡಿಮೆ. ಅಲ್ಲಿ ರೈಲಿಳಿದವನು ಒಂದು ರಾತ್ರಿ ತಂಗಿ, ಹಳೇಬೀಡಿನಲ್ಲಿ ಉಂಡು, ಬೇಲೂರಿನಲ್ಲಿ ಒಂದು ಶಿಲ್ಪವನ್ನು ಕೊಂಡುಹೋಗುವಂತಾದರೆ ಮೂರು ಪೇಟೆಗಳೂ ಬದುಕುತ್ತವೆ. ಎರಡು ಗಂಟೆ ಗುಡಿ ನೋಡಿ ಬಸ್ಸು ಹತ್ತುವ ಯಾತ್ರಿಕನಿಂದ ಊರಿಗೆ ಉಳಿಯುವುದು ಬಹುಮಟ್ಟಿಗೆ ಧೂಳು. ಗುಡಿಯನ್ನು ಕಾಯಲು ಕಾಯಿದೆಯಿದೆ. ಪೇಟೆಯನ್ನು ಕಾಯಬೇಕಾದದ್ದು ಅದರ ವ್ಯಾಪಾರ. ಆ ವ್ಯಾಪಾರಕ್ಕೆ ತುಸು ಆಸರೆ ಕೊಡುವುದು ದಾನವಲ್ಲ, ಹಳೆಯ ಬಾಕಿಯ ಸಂದಾಯ.