ಬಿಡಿಸಿ ನೋಡುವುದು, ಕೂಡಿಸಿ ನೋಡುವುದು



ದೊಡ್ಡದನ್ನು ಅದರ ಸಣ್ಣ ಭಾಗಗಳಿಂದ ವಿವರಿಸುವ ವಿಚಾರಕ್ರಮಕ್ಕೆ ರಿಡಕ್ಷನಿಸಂ ಎನ್ನುತ್ತಾರೆ. ದೇಹದಿಂದ ಜೀವಕೋಶಕ್ಕೆ, ಜೀವಕೋಶದಿಂದ ಅಣುವಿಗೆ ಇಳಿಯುತ್ತ ಹೋಗುವುದು ಅದರ ದಾರಿ. ವಿಜ್ಞಾನ ಅದರಿಂದ ಗಳಿಸಿದ್ದು ಅಪಾರ. ಆದರೆ ಆ ದಾರಿ ನಮ್ಮನ್ನು ಎಲ್ಲಿಯವರೆಗೆ ಒಯ್ಯುತ್ತದೆ? ಜೀವದ ಎಲ್ಲ ಮೆಟ್ಟಿಲುಗಳು ನಮಗಿನ್ನೂ ತಿಳಿದಿಲ್ಲ. ಕಂಪ್ಯೂಟರನ್ನು ಮನುಷ್ಯರೇ ಕಟ್ಟಿದ್ದು. ಹಾಗಾಗಿ ಈ ಪ್ರಶ್ನೆಯನ್ನು ಅದರಲ್ಲಿ ಪರೀಕ್ಷಿಸಿ ನೋಡಬಹುದು.

ಮೊಬೈಲಿನಲ್ಲಿ ‘ಡೋಣಿ’ ಎಂಬ ಊರಿನ ಹೆಸರು ಬರೆಯಿರಿ. ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್ ಪ್ರಕಾರ ನಾಲ್ಕು ಸಂಖ್ಯೆ: ಡ 3233, ಓತ್ವ–ದೀರ್ಘ ಸೇರಿ 3275, ಣ 3235, ಗುಡಿಸು 3263. ಯುಟಿಎಫ್-8 ಪದ್ಧತಿಯಲ್ಲಿ ಉಳಿಸಿಟ್ಟರೆ ಪ್ರತಿಯೊಂದಕ್ಕೂ ಮೂರು ಬೈಟು. ಒಟ್ಟು 12 ಬೈಟು, 96 ಬಿಟ್ಟು. ಪ್ರತಿ ಬಿಟ್ಟೂ ಸೊನ್ನೆ ಇಲ್ಲವೇ ಒಂದು.

ಈ ಸೊನ್ನೆ–ಒಂದುಗಳನ್ನು ಆಡಿಸುವುದು 1947ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್. ಇಲ್ಲಿ ಅದರ ಕೆಲಸ ಸ್ವಿಚ್ಚಿನದು. ಎರಡು ಸ್ವಿಚ್ಚುಗಳನ್ನು ಒಂದರ ಹಿಂದೊಂದು ಜೋಡಿಸಿದರೆ, ಎರಡನ್ನೂ ಒತ್ತಿದಾಗ ಮಾತ್ರ ದೀಪ ಹತ್ತುತ್ತದೆ. ಇದು ‘ಮತ್ತು’. ಪಕ್ಕಪಕ್ಕ ಜೋಡಿಸಿದರೆ ಒಂದೇ ಸಾಕು. ಇದು ‘ಅಥವಾ’. ಜಾರ್ಜ್ ಬೂಲ್ 1854ರಲ್ಲಿ ತರ್ಕವನ್ನು ಬೀಜಗಣಿತವಾಗಿ ಬರೆದರು. ಸ್ವಿಚ್ಚುಗಳ ಜೋಡಣೆಗೂ ಅದೇ ಬೀಜಗಣಿತ ಒಪ್ಪುತ್ತದೆಂದು ಕ್ಲಾಡ್ ಶಾನನ್ 1937ರಲ್ಲಿ ತೋರಿಸಿದರು. ‘ಮತ್ತು’, ‘ಅಥವಾ’, ‘ಅಲ್ಲ’ಗಳನ್ನು ತಕ್ಕಂತೆ ಜೋಡಿಸಿದರೆ ಯಂತ್ರ ಒಂದಕ್ಕೊಂದು ಕೂಡುತ್ತದೆ, ಕೈಯಲ್ಲುಳಿದ ಒಂದನ್ನು ಮುಂದಿನ ಮನೆಗೆ ಒಯ್ಯುತ್ತದೆ. ಯಾವ ಸ್ವಿಚ್ಚಿಗೂ ಲೆಕ್ಕ ಬರುವುದಿಲ್ಲ. ಹೊರಗಿನಿಂದ ಯಾವ ಗುಟ್ಟಿನ ಶಕ್ತಿಯೂ ಸೇರಿಲ್ಲ. ಲೆಕ್ಕ ಇರುವುದು ಜೋಡಣೆಯಲ್ಲಿ. ಇಲ್ಲಿ ರಿಡಕ್ಷನಿಸಂ ಗೆದ್ದಿದೆ, ಅದನ್ನು ಮನಸಾರೆ ಒಪ್ಪೋಣ.

ಆದರೆ ಗೆದ್ದದ್ದು ಮೆಟ್ಟಿಲು ತಪ್ಪಿಸದೆ ನಡೆದದ್ದರಿಂದ. ಎರಿಕ್ ಜೋನಾಸ್ ಮತ್ತು ಕೊನ್ರಾಡ್ ಕೋರ್ಡಿಂಗ್ 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಿದುಳನ್ನು ಅಭ್ಯಸಿಸುವ ವಿಧಾನಗಳಿಂದ ಒಂದು ಚಿಪ್ಪನ್ನು ಅರಿಯಬಹುದೇ ಎಂಬುದು ಅವರ ಪ್ರಶ್ನೆ. 3510 ಟ್ರಾನ್ಸಿಸ್ಟರುಗಳ 6502 ಎಂಬ ಹಳೆಯ ಚಿಪ್ಪಿನ ಗಣಕ ಮಾದರಿಯಲ್ಲಿ ಒಂದೊಂದೇ ಟ್ರಾನ್ಸಿಸ್ಟರನ್ನು ಕೆಡಿಸಿ, ಮೂರು ವಿಡಿಯೊ ಆಟಗಳು ನಡೆಯುತ್ತವೆಯೇ ಎಂದು ನೋಡಿದರು. ಕೆಲವು ಟ್ರಾನ್ಸಿಸ್ಟರು ಕೆಟ್ಟಾಗ ಡಾಂಕಿ ಕಾಂಗ್ ಎಂಬ ಆಟ ಮಾತ್ರ ನಿಂತಿತು. ಹಾಗೆಂದು ಆ ಆಟ ಅವುಗಳೊಳಗೆ ಕುಳಿತಿರಲಿಲ್ಲ. ಕೂಡುವುದರಂಥ ಸಾಮಾನ್ಯ ಕೆಲಸದಲ್ಲಷ್ಟೇ ಅವುಗಳ ಪಾಲು. ಭಾಗಗಳೆಲ್ಲ ಕಣ್ಣೆದುರಿಗಿದ್ದವು. ಸ್ವಿಚ್ಚಿಗೂ ಆಟಕ್ಕೂ ನಡುವಿನ ಮೆಟ್ಟಿಲುಗಳು ಮಾತ್ರ ಆ ವಿಧಾನಕ್ಕೆ ಸಿಗಲಿಲ್ಲ.

ಇನ್ನೊಂದು ಮಿತಿಯೂ ಇದೆ. ಅದೇ 96 ಬಿಟ್ಟುಗಳು ವಿಜಯಪುರ ಜಿಲ್ಲೆಯ ಡೋಣಿ ನದಿಯ ಹೆಸರೂ ಹೌದು. ಊರೋ ಹೊಳೆಯೋ ಎಂಬುದನ್ನು ಬಿಟ್ಟುಗಳು ಹೇಳಲಾರವು. ಅದನ್ನು ಬರೆದವರು, ಓದುವವರು, ಸಂದರ್ಭ ಹೇಳಬೇಕು.

ಈ ವಿವೇಕ ನಮಗೆ ಬೇಕಾಗುವುದು ಕಂಪ್ಯೂಟರಿನಲ್ಲಿ ಮಾತ್ರವಲ್ಲ. ಕಪ್ಪತಗುಡ್ಡದಲ್ಲಿ ಕಬ್ಬಿಣದ ಅದಿರಿದೆ, ಚಿನ್ನವಿದೆ ಎಂಬ ಮಾತು ಸುಳ್ಳಲ್ಲ. ಆದರೆ ಕಲ್ಲು ಮಣ್ಣಾಗಿ, ಮಣ್ಣು ಹುಲ್ಲನ್ನೂ ಔಷಧಿ ಗಿಡಗಳನ್ನೂ ಬೆಳೆಸಿ, ಮಳೆನೀರು ಇಂಗಿ, ತೋಳ–ಕತ್ತೆಕಿರುಬಗಳಿಗೆ ನೆಲೆಯಾದ ಜೋಡಣೆ ಆ ಅದಿರಿನ ಲೆಕ್ಕದಲ್ಲಿ ಬರುವುದಿಲ್ಲ. ಗಣಿಗಾರಿಕೆಯ ವಿರುದ್ಧ ಜನ ಹೋರಾಡಿದರು, 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಗುಡ್ಡವೆಂದರೆ ಅದಿರಷ್ಟೇ ಎನ್ನುವುದು ರಿಡಕ್ಷನಿಸಂನ ಅರ್ಧ ದಾರಿ. ಇಳಿದವರು ಮತ್ತೆ ಹತ್ತಿ ತೋರಿಸಿದರೆ ಮಾತ್ರ ವಿವರಣೆ ಪೂರ್ಣ.

ವಿದ್ಯಾರ್ಥಿಗಳೇ, ಇದನ್ನು ಕೈಯಾರೆ ಮಾಡಿ ಕಲಿಯಿರಿ. ಒಂದು ಬ್ಯಾಟರಿ, ಎರಡು ಬಲ್ಬು, ಮಹಡಿ ಮೆಟ್ಟಿಲಿನ ದೀಪಕ್ಕೆ ಹಾಕುವಂಥ ಕೆಲವು ಟೂ-ವೇ ಸ್ವಿಚ್ಚು ಸಾಕು, ಒಂದಕ್ಕೊಂದು ಕೂಡುವ ಯಂತ್ರ ಸಿದ್ಧವಾಗುತ್ತದೆ. ನಮ್ಮ ಶಾಲೆಗಳ ಕಂಪ್ಯೂಟರ್ ಪಾಠ ಇಲ್ಲಿಂದ ಶುರುವಾಗಲಿ. ಬಿಡಿಸಿದ್ದನ್ನು ಮರಳಿ ಕಟ್ಟಬಲ್ಲ ಮಗು ‘ಇದು ಇಷ್ಟೇ’ ಎನ್ನುವ ಮಾತನ್ನು ಸುಲಭವಾಗಿ ನಂಬುವುದಿಲ್ಲ.